ಹಿಂದೆ ನಡೆದವನ ದನಿ

ದೇಶ ಬಿಟ್ಟು ಬಂದು ನಾವು ನೆಲೆಸಿರುವ ಬುಕಿತ್ ಪಂಜಾಂಗಿನಲ್ಲಿ, ನಮ್ಮ ಫ್ಲ್ಯಾಟ್ ಬ್ಲಾಕಿನ ಹಿಂದೆ ಒಂದು ಗುಡ್ಡವಿದೆ. ಹೆಸರಿಗಷ್ಟೇ ಗುಡ್ಡ, ಸ್ಟ್ರೋಲರ್ ತಳ್ಳಿಕೊಂಡೂ ಹತ್ತಬಹುದು. ಕೆಲವು ದಿನಗಳಿಂದ ನನಗೆ ಸಣ್ಣ ಜ್ವರ, ತಲೆನೋವು. ಗಾಳಿಗೆ ಹೋದರೆ ಸರಿಹೋದೀತು ಎಂದು ಆ ಭಾನುವಾರ ಎಲ್ಲರನ್ನೂ ನಾನೇ ಹೊರಡಿಸಿದ್ದೆ. ಮಗಳು ಅನಘಾ ಮುಂದೆ ಓಡುತ್ತಿದ್ದಳು. ನೀರಿನ ಬಾಟಲಿ ಕೊಡಲು ಗಂಡ ಗಿರೀಶ್ ನನ್ನತ್ತ ತಿರುಗಿದ.

ಅವನು ಗಿರೀಶ್ ಆಗಿರಲಿಲ್ಲ.

ಮುಖ ಅದೇ. ಕನ್ನಡಕ ಅದೇ. ಬೆಳಿಗ್ಗೆ ಶೇವ್ ಮಾಡುವಾಗ ಗಲ್ಲಕ್ಕೆ ಆಗಿದ್ದ ಗೀರೂ ಅದೇ ಜಾಗದಲ್ಲಿತ್ತು. ಆದರೆ ನೋಡಿದರೆ ನನ್ನೊಳಗೆ ಏನೂ ಆಗಲಿಲ್ಲ. ನಮ್ಮವರ ಮುಖ ಕಂಡಾಗ ಎದೆಯಲ್ಲಿ ಏನೋ ಸಡಿಲವಾಗುತ್ತದಲ್ಲ, ಅಂಥದ್ದೊಂದು ಇದೆಯೆಂದು ಗೊತ್ತಾದದ್ದೇ ಅದು ಇಲ್ಲವಾದಾಗ. ಯಾರೋ ಅವನಂತೆಯೇ ತಯಾರಾಗಿ ಬಂದಿದ್ದಾರೆ ಅನ್ನಿಸಿತು. ಅನಘಾಳ ಕೈ ಹಿಡಿದು ಸರಸರ ಇಳಿಯತೊಡಗಿದೆ.

"ಥ್ಯಾಂಕ್ಸ್. ನೀವು ಬರೋದು ಬೇಡ, ನಾವು ಹೋಗ್ತೀವಿ," ಎಂದೆ.

"ಅಪ್ಪಂಗೆ ಯಾಕಮ್ಮ ನೀವು ಅಂತೀಯಾ? ಸೋ ಫನ್ನಿ ಲಾ!" ಎಂದು ಮಗಳು ಇಲ್ಲಿಯ ಮಕ್ಕಳ ಧಾಟಿಯಲ್ಲಿ ನಕ್ಕಳು. ಅವಳ ಮುಖ ಅವಳದೇ ಆಗಿತ್ತು. ಅಷ್ಟಕ್ಕೇ ನನಗೆ ಅಳು ಬಂತು.

ರಾಫೆಲ್ಸ್ ಪ್ಲೇಸಿನ ಒಂದು ಆಫೀಸಿನಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟರ್. ತಪ್ಪು ಹುಡುಕುವುದಕ್ಕೇ ಸಂಬಳ. ನಮ್ಮ ಹಿಂದೆಯೇ ಮನೆಗೆ ಬಂದು ಸೋಫಾದಲ್ಲಿ ಕೂತ ಆ ಮನುಷ್ಯನಿಗೆ ಒಂದೊಂದೇ ಪ್ರಶ್ನೆ ಹಾಕಿದೆ. ಮೈಸೂರಿನ ನಮ್ಮ ಮನೆಯ ಗೇಟಿನ ಬಣ್ಣವೇನು? ಮದುವೆಯಲ್ಲಿ ಮುನಿಸಿಕೊಂಡು ಊಟ ಬಿಟ್ಟವರು ಯಾರು? ಎಲ್ಲಕ್ಕೂ ಸರಿಯಾದ ಉತ್ತರವೇ ಬಂತು. ಒಂದಾದರೂ ತಪ್ಪಾಗಿದ್ದರೆ ಅನುಮಾನ ಕಡಿಮೆಯಾಗುತ್ತಿತ್ತೇನೋ. ಇಷ್ಟು ಕಲಿತು ಬಂದವನು ಸಾಮಾನ್ಯನಲ್ಲ ಎಂದುಕೊಂಡೆ.

ಅವನು ಎದ್ದು ಬ್ಲಾಕಿನ ಕೆಳಗಿನ ಖಾಲಿ ಅಂಗಳಕ್ಕೆ, ವಾಯ್ಡ್ ಡೆಕ್ಕಿಗೆ, ಹೋದ. ಸ್ವಲ್ಪ ಹೊತ್ತಿಗೆ ನನ್ನ ಫೋನ್ ರಿಂಗ್ ಆಯಿತು.

"ಸುಮಾ..."

ಗಿರೀಶ್! ನನ್ನ ಗಿರೀಶ್. ಹೋದ ಜೀವ ಬಂದಂತಾಯಿತು.

"ಎಲ್ಲಿದ್ದೀಯೋ? ಬೇಗ ಬಾ. ಮನೆಗೆ ಯಾರೋ ಬಂದಿದ್ದಾನೆ. ನಿನ್ನ ಶರ್ಟ್ ಹಾಕ್ಕೊಂಡಿದ್ದಾನೆ ಕಣೋ."

"ಬಾಗಿಲು ಹಾಕ್ಕೋ. ಫೋನ್ ಇಡಬೇಡ. ಮಾತಾಡ್ತಾನೇ ಇರು," ಎಂದ. ಅಲ್ಲೇ ಕೆಳಗಿದ್ದ ಇನ್ನೊಬ್ಬರ ಫೋನ್ ಕೇಳಿ ಪಡೆದು ಆಂಬ್ಯುಲೆನ್ಸ್ ಕರೆದನಂತೆ.

ಎಂಆರ್‌ಐ, ಬೆನ್ನುಮೂಳೆಯಿಂದ ನೀರು ತೆಗೆಯುವ ಲಂಬರ್ ಪಂಕ್ಚರ್, ಮತ್ತೆ ಮತ್ತೆ ರಕ್ತಪರೀಕ್ಷೆ. ಕಾಯಿಲೆಯ ಹೆಸರು ಆಟೋಇಮ್ಯೂನ್ ಎನ್ಸೆಫಲೈಟಿಸ್. ಮೈಯನ್ನು ರೋಗದಿಂದ ಕಾಯಬೇಕಾದ ಶಕ್ತಿಯೇ ಮೆದುಳಿನ ಮೇಲೆ ತಿರುಗಿಬಿದ್ದಿದೆ, ಕಂಡ ಮುಖ ಮನಸ್ಸಿಗೆ ತಲುಪುವ ದಾರಿ ಕೆಟ್ಟಿರಬಹುದು, ದನಿಯ ದಾರಿ ಉಳಿದಿರುವಂತಿದೆ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಸ್ಟಿರಾಯ್ಡ್ ಶುರುವಾಯಿತು. ಜ್ವರ ಹೋಯಿತು. ಮುಖ ಬರಲಿಲ್ಲ. ಪೂರ್ತಿ ಬರುತ್ತದೆಂದು ಮಾತು ಕೊಡಲಾರೆ ಎಂದರು.

ಬುದ್ಧಿಗೆ ಎಲ್ಲ ಗೊತ್ತು. ಹೆದರಿಕೆಗೆ ಗೊತ್ತಿಲ್ಲ. ವಾರ್ಡಿನಲ್ಲಿ ಗಿರೀಶ್ ಪರದೆಯ ಆಚೆ ನಿಂತೇ ಮಾತಾಡಿಸುತ್ತಿದ್ದ. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಮನೆಗೆ ಬಂದ ಮೇಲೂ ಹಾಗೆಯೇ. ಸ್ವಂತ ಮನೆಯಲ್ಲಿ ಗೋಡೆಯಾಚೆಯಿಂದ ಸಂಸಾರ ಮಾಡಿದ ಪುಣ್ಯಾತ್ಮ. ಊಟದ ಹೊತ್ತಿಗೆ ಮಾತ್ರ ಎದುರಿಗೆ ಆ ಇನ್ನೊಬ್ಬ ಅನ್ನ ಕಲಸುತ್ತಿರುತ್ತಿದ್ದ, ಥೇಟ್ ಅವನಂತೆಯೇ, ಚಿಟಿಕೆ ಉಪ್ಪು ಮೇಲೆ ಹಾಕಿಕೊಂಡು. ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ.

"ನೆಕ್ಸ್ಟ್ ನನ್ನನ್ನೂ ಮರೀತೀಯಾ ಅಮ್ಮ?" ಎಂದು ಒಂದು ದಿನ ಅನಘಾ ಕೇಳಿದಳು. ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದೆ.

ಹೋದ ವಾರ ಮತ್ತೆ ಗುಡ್ಡ ಹತ್ತಿದೆವು. ಮಗಳು ಮುಂದೆ, ನಾನು ನಡುವೆ. ಗಿರೀಶ್ ಹಿಂದೆ, ಕಣ್ಣಿಗೆ ಬೀಳದಂತೆ, ಮಾತಾಡುತ್ತಾ. ಆಫೀಸಿನ ಪುರಾಣ, ಲಿಫ್ಟಿನಲ್ಲಿ ಸಿಗುವ ಅಂಕಲ್‌ನ ಕೆಮ್ಮು. ನಾನು ನಗುತ್ತಲೇ ಹತ್ತಿದೆ. ತಿರುವಿನಲ್ಲಿ ಮಾತು ನಿಂತಿತು.

ಹೆಜ್ಜೆ ಮಾತ್ರ ಬರುತ್ತಿತ್ತು.

ಯಾರ ಹೆಜ್ಜೆ? ನಾನು ನಿಂತರೆ ಅದೂ ನಿಂತಿತು. ಎಲೆಗಳಲ್ಲಿ ಒಂದು ಹಕ್ಕಿಯ ಸದ್ದೂ ಇಲ್ಲ. "ಮಾತಾಡು!" ಎಂದು ಕೂಗಿದೆ.

"ಏನಂತ ಮಾತಾಡ್ಲಿ?" ದನಿ ಒಡೆದಿತ್ತು. "ಮಾತೆಲ್ಲ ಖಾಲಿ ಆಯ್ತು ಸುಮಾ. ನುಗ್ಗೆಕಾಯಿ ತರ್ಬೇಕು. ತೊಗರಿಬೇಳೆ. ಅನಘಾಗೆ ಸಾಕ್ಸ್..."

ನಾನು ತಿರುಗಿದೆ.

ಅದೇ ಅಪರಿಚಿತ. ಅವನ ತುಟಿ ಅಲ್ಲಾಡುತ್ತಿತ್ತು, ಗಿರೀಶನ ದನಿ ಬರುತ್ತಿತ್ತು. ಕಾಲು ಓಡು ಎಂದಿತು. ಓಡಲಿಲ್ಲ. ಅವನು ಅಳುತ್ತಿದ್ದ, ಅಳುತ್ತಲೇ, ನಿಲ್ಲಿಸಿದರೆ ನನಗೆ ಹೆದರಿಕೆಯಾದೀತೆಂದು, ಸಾಮಾನಿನ ಪಟ್ಟಿ ಒಪ್ಪಿಸುತ್ತಿದ್ದ. ಇಷ್ಟು ದಿನ ನಾನು ಹೆದರಿದ್ದೇ ಆಯಿತು, ತನ್ನನ್ನು ಕಂಡರೆ ನಡುಗುವ ಹೆಂಡತಿಯ ಹಿಂದೆ ನಡೆಯುವುದು ಹೇಗಿರುತ್ತದೋ ಯೋಚಿಸಿರಲಿಲ್ಲ. ಆ ಮುಖ ಕಂಡು ಮೊದಲ ಬಾರಿಗೆ ನನ್ನಲ್ಲಿ ಕನಿಕರ ಹುಟ್ಟಿತು. ಪರಿಚಯ ಹುಟ್ಟಲಿಲ್ಲ. ಇನ್ನೂ ಪೂರ್ತಿ ಹುಟ್ಟಿಲ್ಲ.

"ಸುಸ್ತಾಯ್ತಾ? ಬಾ, ಕೂತ್ಕೋ. ಈಗ ಸುಮ್ನಿದ್ರೂ ಪರವಾಗಿಲ್ಲ," ಎಂದು ಆ ಮುಖಕ್ಕೇ ಹೇಳಿದೆ.

ಅವನು ಕೂತ. ಪಕ್ಕದಲ್ಲಿ ನಾನೂ ಕೂತೆ. ಮಾತು ನಿಂತಿತು. ನಾನು ಏಳಲಿಲ್ಲ.