ಹಿತ್ತಲ ಬಾಗಿಲಲ್ಲಿ ನಿಂತಿದ್ದವರು

ಇದನ್ನು ಬರೆಯಬೇಕೆಂದು ಕುಳಿತು, ಬರೆಯದೆ ಎದ್ದು ಹೋದದ್ದು ಎಷ್ಟು ಸಲವೋ. ಸತ್ತವರು ಕಾಣಿಸಿಕೊಂಡರು ಎಂದು ಯಾರಾದರೂ ಹೇಳಿದರೆ ಎದುರಿಗೇ ನಗುತ್ತಿದ್ದವನು ನಾನು. ಈಗ ನನ್ನನ್ನು ನೋಡಿ ನಗುತ್ತಾರೆಂಬ ಅಂಜಿಕೆ ಇಲ್ಲದಿಲ್ಲ. ಆದರೆ ಮುಂದೂಡಿದ್ದಕ್ಕೆ ನಿಜವಾದ ಕಾರಣ ಬೇರೆ. ಇದನ್ನು ಹೇಳಬೇಕಾದರೆ ನಾನು ಮಾಡಿದ ತಪ್ಪನ್ನೂ ಹೇಳಬೇಕು.

ಆರೇಳು ವರ್ಷಗಳ ಹಿಂದೆ ನಾನು ಜಯಲಕ್ಷ್ಮಿಪುರಂನ ಒಂದು ಹಳೆಯ ಬಂಗಲೆಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಬಂಗಲೆಯ ಯಜಮಾನರು ಒಮ್ಮೆ ಸ್ಕಾಟ್‌ಲೆಂಡಿಗೆ ಹೋಗಿ, ಅಲ್ಲಿನ ಹಳ್ಳಿಯೊಂದರಲ್ಲಿ ವಾರದ ಮಟ್ಟಿಗೆ ಒಂದು ಸಣ್ಣ ಮನೆ ಹಿಡಿದಿದ್ದರಂತೆ. ಕೈಗೆ ಬೀಗದ ಕೈ ಕೊಟ್ಟು ಹೋಗುತ್ತಾರೆ, ಅಡುಗೆ ನಾವೇ ಮಾಡಿಕೊಳ್ಳಬೇಕು, ಅದರ ಸುಖವೇ ಬೇರೆ ಎಂದು ಹೇಳುತ್ತಿದ್ದರು. ಬಂಗಲೆಯ ಹಿಂದಿದ್ದ ಎರಡು ಕೋಣೆಯ ಹೆಂಚಿನ ಮನೆಯನ್ನು ಹಾಗೆಯೇ ಸಿದ್ಧ ಮಾಡಿಸಿ, ಮೈಸೂರು ನೋಡಲು ಬರುವವರಿಗೆ ಕೊಡತೊಡಗಿದರು. ಎಲ್ಲರೂ ಅದನ್ನು ಕಾಟೇಜ್ ಎನ್ನುತ್ತಿದ್ದೆವು. ಅಕ್ಕಿ, ಬೇಳೆ, ಕಾಫಿಪುಡಿ ತುಂಬಿಡುವುದು ನನ್ನ ಪಾಲು. ಗುಡಿಸಿ, ಒರೆಸಿ, ಪಾತ್ರೆ ಬೆಳಗಲು ಕುಂಬಾರಕೊಪ್ಪಲಿನಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ನನ್ನನ್ನು ಅಣ್ಣ ಎನ್ನುತ್ತಿದ್ದಳು.

ಹೊಸಬರು ಬರುವ ದಿನ ಆಕೆ ಒಲೆ ಹಚ್ಚಿ ಹಾಲು ಉಕ್ಕಿಸುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಎರಡು ದಿನ ಇರುವವರಿಗೆ ಇದೆಲ್ಲ ಯಾಕೆ ಎಂದು ನಾನು ಕೇಳಿದರೆ, ಎರಡು ದಿನವಾದರೂ ಅದು ಅವರ ಮನೆ, ಹಾಲುಕ್ಕದ ಮನೆಗೆ ಯಾರೂ ಬರಬಾರದು ಎನ್ನುತ್ತಿದ್ದಳು. ಒಮ್ಮೆ ನಾನೇ ಉಕ್ಕಿಸುತ್ತೇನೆಂದದ್ದಕ್ಕೆ, "ನೀವ್ ಕಾಯ್ಸುದ್ರೆ ಪೂರ್ತಿ ಒಲೇನೇ ಕುಡ್ಕೋತದೆ ಕಣಣ್ಣ, ಬಂದೋರ್ಗೆ ಏನ್ ಕೊಡ್ತೀರಿ?" ಎಂದು ನಕ್ಕಿದ್ದಳು.

ಹೀಗಿರುವಾಗ ಹೊಸದಾಗಿ ಮದುವೆಯಾದ ಜೋಡಿಯೊಂದು ಬರುವುದಿತ್ತು. ಆಕೆ ಹಾಲಿನ ಪಾತ್ರೆ ಕೈಯಲ್ಲಿ ಹಿಡಿದಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತು, "ಮದುವೆಯಾದ ಹೊಸದು ಕಣಮ್ಮ. ಇವತ್ತು ನೀನು ಒಲೆ ಮುಟ್ಬೇಡ, ಒಳಗೂ ಬರ್ಬೇಡ" ಎಂದೆ. ಬರುವವರು ಹಾಗೆ ಕೇಳಿರಲಿಲ್ಲ, ಯಜಮಾನರೂ ಹೇಳಿರಲಿಲ್ಲ. ನನಗೆ ನಾನೇ ಹಿರಿಯನಾಗಿ ಆಡಿದ ಮಾತು ಅದು.

ಆಕೆ ಪಾತ್ರೆಯನ್ನು ನನ್ನ ಕೈಗೆ ಕೊಟ್ಟಳು. "ಆಯ್ತು ಬುಡಣ್ಣ" ಎಂದಳು. ಅಂದಿನಿಂದ ಹಿತ್ತಲ ಬಾಗಿಲಾಚೆಯೇ ಕುಳಿತು ಪಾತ್ರೆ ಬೆಳಗಿದಳು. ಒಳಗೆ ಬಾ ಎಂದು ನಾನು ಕರೆಯಲಿಲ್ಲ, ಒಳಗೆ ಗುಡಿಸುವುದನ್ನು ನಾನೇ ಮಾಡಿಕೊಂಡೆ. ತಿಂಗಳಾದ ಮೇಲೆ ಬರುವುದನ್ನೇ ಬಿಟ್ಟಳು. ಮತ್ತೆ ಕೆಲವು ದಿನಕ್ಕೆ, ಜ್ವರ ಬಂದು ತೀರಿಕೊಂಡಳೆಂಬ ಸುದ್ದಿ ಬಂತು. ಕಾಟೇಜಿನಲ್ಲಿ ಜನ ಇದ್ದಾರೆಂದು ನೆಪ ಹೇಳಿಕೊಂಡು ನಾನು ಮಣ್ಣಿಗೂ ಹೋಗಲಿಲ್ಲ.

ಅದಾಗಿ ಎರಡು ತಿಂಗಳಿರಬಹುದು. ತುಮಕೂರು ಕಡೆಯಿಂದ ಎಳೆಯ ವಯಸ್ಸಿನ ಗಂಡ ಹೆಂಡತಿ ಬಂದಿಳಿದರು. ಮಾರನೆಯ ಬೆಳಿಗ್ಗೆ ಎಂಟು ಗಂಟೆಯಿಂದ ನಾನು ಗೇಟಿನ ಬಳಿ ಗಿಡಗಳಿಗೆ ನೀರು ಹಾಯಿಸುತ್ತಿದ್ದೆ. ಆ ಕಾಂಪೌಂಡಿಗೆ ಇದ್ದದ್ದು ಅದೊಂದೇ ಗೇಟು. ಹಿತ್ತಲಿನ ಗೋಡೆ ಆಳೆತ್ತರ, ಮೇಲೆ ಗಾಜಿನ ಚೂರು ನೆಟ್ಟಿತ್ತು. ನನ್ನನ್ನು ದಾಟಿ ಒಂದು ನರಪಿಳ್ಳೆಯೂ ಒಳಗೆ ಹೋಗಲಿಲ್ಲ.

ಏನಾದರೂ ಬೇಕೇ ಎಂದು ಕೇಳಲು ಒಳಗೆ ಹೋದಾಗ ಹಾಲು ಉಕ್ಕಿ ಒಲೆಯ ಮೇಲೆ ಹರಿಯುತ್ತಿತ್ತು. ಆರಿಸಲು ಓಡಿದೆ. ಹುಡುಗಿ ತಡೆದು, ಬೇಕೆಂದೇ ಉಕ್ಕಿಸಿದ್ದು, ಆ ಅಮ್ಮ ಹೇಳಿಕೊಟ್ಟರು ಎಂದಳು. ಯಾವ ಅಮ್ಮ ಎಂದೆ.

"ಅಲ್ಲೇ ನಿಂತಿದಾರಲ್ಲ, ಹಿಂದಿನ ಬಾಗಿಲಲ್ಲಿ. ಎಷ್ಟು ಕರೆದ್ರೂ ಒಳಗೆ ಬರ್ತಿಲ್ಲ. 'ಅಣ್ಣ ಬರ್ಬೇಡ ಅಂದವ್ರೆ ಕಣವ್ವ' ಅಂತಾರೆ. ನೀವೇ ಒಂದು ಮಾತು ಕರೀರಿ ಅಂಕಲ್."

ನಾನು ತಿರುಗಿ ನೋಡಿದೆ. ಬಾಗಿಲು ತೆರೆದಿತ್ತು. ಒಗೆಯುವ ಕಲ್ಲು, ಬಟ್ಟೆ ಒಣಹಾಕುವ ತಂತಿ, ಬೆಳಗಿನ ಬಿಸಿಲು. ಮತ್ತೇನೂ ಕಾಣಲಿಲ್ಲ. ಕಾಣದಿದ್ದರೂ ಆಡಬೇಕಾದ ಮಾತು ನನಗೆ ಗೊತ್ತಿತ್ತು. ಒಳಗೆ ಬಾಮ್ಮ, ತಪ್ಪಾಯ್ತು. ಇಷ್ಟೇ. ಅಷ್ಟರಲ್ಲಿ ಹುಡುಗಿಯ ಗಂಡ ತಲೆ ಒರೆಸಿಕೊಳ್ಳುತ್ತ ಬಂದು ನಿಂತ. ಬರಿಯ ಬಾಗಿಲಿಗೆ ಕೈಮುಗಿದರೆ ಇವರು ನನ್ನನ್ನು ಏನೆಂದುಕೊಂಡಾರು ಎನ್ನಿಸಿತು.

"ಅಲ್ಲಿ ಯಾರೂ ಇಲ್ವಲ್ಲಮ್ಮ" ಎಂದೆ.

ಹುಡುಗಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ನೀವು ಹಾಗಂದಿದ್ದು ಕೇಳಿಸ್ತು ಅವರಿಗೆ. ತಲೆ ತಗ್ಗಿಸ್ಕೊಂಡು ಹೋಗ್ಬಿಟ್ರು" ಎಂದಳು.

ಹಿತ್ತಲಿಗೆ ಓಡಿದೆ. ಅಕ್ಕಪಕ್ಕದ ಮನೆಗಳಲ್ಲೆಲ್ಲ ವಿಚಾರಿಸಿದೆ. ಅವರ ಕೆಲಸದವರು ಯಾರೂ ಇತ್ತ ಬಂದಿರಲಿಲ್ಲ. ಹಾಲು ಉಕ್ಕಿಸುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ, ನಿಜ. ಆದರೆ ನಾನು ಬರಬೇಡ ಎಂದದ್ದು ನಮ್ಮಿಬ್ಬರ ನಡುವೆಯೇ ಇತ್ತು, ನನ್ನ ಹೆಂಡತಿಗೂ ಹೇಳಿರಲಿಲ್ಲ. ಬದುಕಿದ್ದಾಗ ಆಕೆಯೇ ಯಾರಲ್ಲಾದರೂ ಹೇಳಿಕೊಂಡಿದ್ದಳೋ ಏನೋ. ಹೇಳಿಕೊಂಡಿದ್ದರೂ ತುಮಕೂರಿನ ಹುಡುಗಿಗೆ ಅದು ಹೇಗೆ ತಿಳಿಯಬೇಕು? ನನಗೆ ಇಂದಿಗೂ ಬಗೆಹರಿದಿಲ್ಲ. ಭ್ರಮೆ ಎಂದು ಬಿಟ್ಟುಬಿಡೋಣವೆಂದರೆ, ಕಂಡದ್ದು ನನಗಲ್ಲ.

ಆ ತಿಂಗಳೇ ಕೆಲಸ ಬಿಟ್ಟೆ. ಬದುಕಿದ್ದಾಗ ಒಂದು ಸಲ, ಆ ಬೆಳಿಗ್ಗೆ ಇನ್ನೊಂದು ಸಲ, ಕೇಳಿಕೊಳ್ಳಬಹುದಾಗಿದ್ದ ಕ್ಷಮೆಯನ್ನು ನಾನು ಕೇಳಲಿಲ್ಲ. ಇಷ್ಟು ಬರೆದರೂ ಹೆಸರು ಬರೆಯಲು ಕೈ ಹಿಂಜರಿಯುತ್ತಿದೆ. ಬರೆಯುತ್ತೇನೆ. ಸಣ್ಣತಾಯಮ್ಮ.