ದಿಯು ದ್ವೀಪ ಮತ್ತು ಟಚಪ್ ಸಂಜೀವಣ್ಣ

ಯಾವ ಫೋಟೋ ಕೈಗೆ ಕೊಟ್ಟರೂ ಸಂಜೀವಣ್ಣ ಮೊದಲು ಅದನ್ನು ತಲೆಕೆಳಗು ಮಾಡಿ ನೋಡುತ್ತಿದ್ದರು. ಮದುಮಗಳದ್ದಿರಲಿ, ಮಂತ್ರಿಯದ್ದಿರಲಿ, ದೇವರದ್ದೇ ಇರಲಿ, ಕಾಲು ಮೇಲೆ, ತಲೆ ಕೆಳಗೆ. "ನೆಟ್ಟಗೆ ಹಿಡಿದರೆ ಮುಖ ಕಾಣ್ತದೆ ಮಾರಾಯ. ಮುಖ ಕಂಡ ಕೂಡಲೇ ನಾವು ಮೋಸ ಹೋಗ್ತೇವೆ. ತಿರುಗಿಸಿದರೆ ಕೈಕೆಲಸ ಮಾತ್ರ ಕಾಣುವುದು" ಎನ್ನುತ್ತಿದ್ದರು. ಆಮೇಲೆ ಜೇಬಿನಿಂದ ಭೂತಗನ್ನಡಿ ತೆಗೆದು, ಒಂದು ಕಣ್ಣು ಮುಚ್ಚಿ, ಮೂಲೆಯಿಂದ ಶುರು ಮಾಡುತ್ತಿದ್ದರು.

ಬಂಟ್ವಾಳ ಪೇಟೆಯಲ್ಲಿ ಅವರದು ಫೋಟೋ ಸ್ಟುಡಿಯೋ ಇತ್ತು. ನೆಗೆಟಿವ್ ಕಾಲದವರು. ಪೆನ್ಸಿಲನ್ನು ಸೂಜಿಯ ಹಾಗೆ ಚೂಪು ಮಾಡಿಕೊಂಡು ನೆಗೆಟಿವ್ ಮೇಲೆ ಗೀಚಿ ಮೊಡವೆ ತೆಗೆಯುತ್ತಿದ್ದರು, ಕಪ್ಪು ಕೆನ್ನೆ ಬೆಳಗಿಸುತ್ತಿದ್ದರು. ಪ್ರಿಂಟಿನ ಮೇಲೆ ಸಣ್ಣ ಬ್ರಷ್ಷಿನಲ್ಲಿ ಇಲ್ಲದ ಮೀಸೆ ಬೆಳೆಸುತ್ತಿದ್ದರು. ಅದಕ್ಕೇ ಊರಿಗೆಲ್ಲ ಅವರು ಟಚಪ್ ಸಂಜೀವಣ್ಣ. "ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅಂತ ಗಾದೆ ಹೇಳಲಿಕ್ಕೆ ಯಾರಿಗೂ ಬರ್ತದೆ. ಅದನ್ನು ಬೆಳ್ಳಗೆ ಮಾಡಿದವ ನಾನು" ಎಂದು ಹೇಳಿಕೊಳ್ಳುವಾಗ ಅವರ ದನಿಯಲ್ಲಿ ಪಶ್ಚಾತ್ತಾಪವೇನೂ ಇರುತ್ತಿರಲಿಲ್ಲ.

ಇದರಿಂದಾಗಿ ನಮ್ಮಲ್ಲಿ ಒಂದು ಪದ್ಧತಿಯೇ ಆಗಿಹೋಗಿತ್ತು. ಮದುವೆಗೆ ಹುಡುಗನ ಫೋಟೋ ಬಂದರೆ ಜಾತಕ ಜೋಯಿಸರ ಬಳಿಗೆ, ಫೋಟೋ ಸಂಜೀವಣ್ಣನ ಬಳಿಗೆ. ನನ್ನ ಅಕ್ಕನಿಗೆ ಮೂಡುಬಿದಿರೆಯ ಸಂಬಂಧ ಬಂದಾಗ ಅಪ್ಪ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಸಂಜೀವಣ್ಣ ಫೋಟೋ ತಿರುಗಿಸಿದರು, ಕನ್ನಡಿ ಹಿಡಿದರು, ಮೂಲೆಯಿಂದ ಮೂಲೆಗೆ ಸರಿಸಿದರು. ಕೊನೆಗೆ, "ಹುಡುಗ ಒಳ್ಳೆಯವ ಇರಬಹುದು. ಆದರೆ ಹಣೆಯಿಂದ ಮೇಲೆ ಇರುವುದು ಹುಡುಗನದ್ದಲ್ಲ" ಎಂದರು. ಅಪ್ಪನಿಗೆ ಸಿಟ್ಟು ಬಂತು. ಹುಡುಗ ಹೆಣ್ಣು ನೋಡಲು ಬಂದದ್ದು ಉರಿಬಿಸಿಲಿನಲ್ಲಿ, ತಲೆಗೆ ಟೊಪ್ಪಿ ಹಾಕಿಕೊಂಡು; ಪಾಯಸ ಕುಡಿಯುವಾಗಲೂ ತೆಗೆಯಲಿಲ್ಲ. ಅಕ್ಕ ಅವರನ್ನೇ ಮದುವೆಯಾದಳು, ಚೆನ್ನಾಗಿದ್ದಾಳೆ. ಸಂಜೀವಣ್ಣ ಮದುವೆಗೆ ಬಂದು ಹೊಟ್ಟೆ ತುಂಬ ಉಂಡು, "ಹುಡುಗ ಸುಳ್ಳು ಅಂತ ನಾನು ಹೇಳಲಿಲ್ಲ, ಕೂದಲು ಸುಳ್ಳು ಅಂತ ಹೇಳಿದ್ದು" ಎಂದು ಕೈ ತೊಳೆದರು.

ಫೋಟೋದಲ್ಲಿ ಹತ್ತಿದ ಈ ರೋಗ ಉಳಿದದ್ದಕ್ಕೂ ಹರಡಿತ್ತು. ಮೀನಿನ ಕಿವಿರು ಕೆಂಪಗಿದ್ದರೆ ಬಣ್ಣ ಹಚ್ಚಿರಬಹುದೆಂದು ಉಜ್ಜಿ ನೋಡುತ್ತಿದ್ದರು. ಡಾಕ್ಟರು ಏನೂ ಇಲ್ಲ ಎಂದರೆ ಏನೋ ಇದೆ ಎಂದು ಅರ್ಥ. ಯಾರಾದರೂ ನಕ್ಕು ಮಾತಾಡಿಸಿದರೆ, ಅವರು ಆಚೆ ಹೋದ ಮೇಲೆ "ಎಂಕ್ ಗೊತ್ತುಂಡು, ನನಗೆ ಗೊತ್ತುಂಟು" ಎನ್ನುತ್ತಿದ್ದರು. ಅವರಿಗೆ ಗೊತ್ತಿದ್ದದ್ದೇನು ಎಂದು ನಮಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇಂಥವರ ಹೆಂಡತಿ ಲಲಿತಕ್ಕ. ಸ್ಟುಡಿಯೋಕ್ಕೆ ಬಂದ ಹೆಣ್ಣುಮಕ್ಕಳ ತಲೆ ಬಾಚಿ, ಪೌಡರ್ ಹಚ್ಚಿ, ಸೆರಗು ಸರಿಮಾಡಿ ನಿಲ್ಲಿಸುವುದು ಅವರ ಕೆಲಸ. ಮಧ್ಯಾಹ್ನ ಓಡಿಹೋಗಿ ಅಡಿಗೆ, ಮತ್ತೆ ಓಡಿ ಬಂದು ಪೌಡರ್. ಮೊಬೈಲ್ ಬಂದು ಸ್ಟುಡಿಯೋ ಮುಚ್ಚಿದ ಮೇಲೆ ಓಡಾಟ ನಿಂತಿತು, ಅಡಿಗೆ ನಿಲ್ಲಲಿಲ್ಲ. ಪಾಣೆಮಂಗಳೂರಿನಲ್ಲಿ ನನ್ನದು ಝೆರಾಕ್ಸ್ ಮತ್ತು ಟಿಕೆಟ್ ಬುಕಿಂಗ್ ಅಂಗಡಿ. ಒಂದು ದಿನ ಇಬ್ಬರೂ ಬಂದರು. ಮಾತಾಡಿದ್ದು ಲಲಿತಕ್ಕ.

"ಗಣೇಶ, ದಿಯು ಅಂತ ಒಂದು ಊರು ಉಂಟಂತೆ. ಗುಜರಾತಿನ ಬುಡದಲ್ಲಿ, ಸಣ್ಣ ದ್ವೀಪ. ಪೋರ್ಚುಗೀಸರ ಕೋಟೆ, ಬಿಳಿ ಇಗರ್ಜಿ, ಓಣಿ ಮುಗಿದಲ್ಲಿ ಸಮುದ್ರ. ಬೆಳ್ತಂಗಡಿಯ ತಂಗಿ ಮೊಬೈಲಿನಲ್ಲಿ ತೋರಿಸಿದಳು. ನಾಲ್ಕು ದಿವಸ ಹೋಗಿ ಬರುವ ಅಂತ."

"ಸಮುದ್ರ ನೋಡಲಿಕ್ಕೆ ಗುಜರಾತಿಗೆ ಯಾಕೆ? ಪಣಂಬೂರಿಗೆ ಬಸ್ಸು ಉಂಟಲ್ಲ" ಎಂದರು ಸಂಜೀವಣ್ಣ.

"ಪಣಂಬೂರಿಗೆ ಹೋದರೆ ಸಂಜೆ ಬಂದು ಅಡಿಗೆ ಮಾಡಬೇಕಾಗ್ತದೆ."

ಲಲಿತಕ್ಕ ಇದನ್ನು ಗಂಡನ ಮುಖ ನೋಡದೆ ಹೇಳಿದರು. ಈ ಹೆಂಗಸು ಕೇಳುತ್ತಿರುವುದು ನಾಲ್ಕೇ ನಾಲ್ಕು ದಿನ, ಇವರನ್ನು ಹೇಗಾದರೂ ಕಳಿಸಲೇಬೇಕು ಎಂದು ನಾನು ಅಂದೇ ಹಟ ತೊಟ್ಟೆ.

ಹಟ ತೊಟ್ಟದ್ದು ಯಾರ ಎದುರು ಎಂದು ಆಮೇಲೆ ಗೊತ್ತಾಯಿತು. ವೇರಾವಲ್ ತನಕ ರೈಲು, ಅಲ್ಲಿಂದ ಬಸ್ಸು. ಅದು ಸುಲಭ. ಉಳಿಯುವ ಜಾಗವೇ ಕಷ್ಟ. ನಾನು ಕಂಪ್ಯೂಟರಿನಲ್ಲಿ ಲಾಡ್ಜ್ ತೋರಿಸಿದರೆ ಅವರಿಗೆ ಆಗದು, ಪ್ರಿಂಟ್ ತೆಗೆದು ಕೊಡಬೇಕು. ತಲೆಕೆಳಗು ಹಿಡಿದು ನೋಡುತ್ತಿದ್ದರು. ಒಂದರಲ್ಲಿ ಕಿಟಕಿಯ ಹೊರಗಿನ ಸಮುದ್ರ ಅಂಟಿಸಿದ್ದು. ಇನ್ನೊಂದರಲ್ಲಿ ಕುರ್ಚಿಯ ನೆರಳು ಎಡಕ್ಕೆ, ಮರದ ನೆರಳು ಬಲಕ್ಕೆ. "ಸೂರ್ಯ ಎರಡು ಉಂಟಾ ಆ ಊರಿನಲ್ಲಿ?" ಮತ್ತೊಂದರ ಹಾಸಿಗೆಯಲ್ಲಿ ಒಂದು ಸುಕ್ಕೂ ಇಲ್ಲ, ಆದ್ದರಿಂದ ಮನುಷ್ಯರು ಮಲಗುವ ಜಾಗವಲ್ಲ. ಜನ ಹೊಗಳಿ ಬರೆದದ್ದನ್ನು ಓದಿ ಹೇಳಿದರೆ, "ಎಲ್ಲರೂ ಹೊಗಳಿದ್ದಾರೆಂದರೆ ಒಬ್ಬನೇ ಬರೆದದ್ದು" ಎಂದರು. ಒಂದು ಲಾಡ್ಜಿಗೆ ತಾವೇ ಫೋನ್ ಮಾಡಿ ಹರಕು ಹಿಂದಿಯಲ್ಲಿ, ಈಗ ಅಲ್ಲಿ ಸಮುದ್ರ ಭರತವೋ ಇಳಿತವೋ ಎಂದು ಕೇಳಿದರು. ಆ ಕಡೆಯವನು ರೂಮಿನಲ್ಲಿ ಏಸಿ ಇದೆ ಎಂದ. "ನೋಡು, ಬಾಗಿಲಲ್ಲಿ ಸಮುದ್ರ ಉಂಟು ಅಂತ ಬರೆದಿದ್ದಾನೆ, ನೀರು ಎಲ್ಲಿ ಉಂಟು ಅಂತ ಗೊತ್ತಿಲ್ಲ." ಫೋನ್ ಇಟ್ಟರು.

ಹೀಗೆ ಮಳೆಗಾಲ ಪೂರ್ತಿ ಕಳೆಯಿತು. ಲಲಿತಕ್ಕ ಪ್ರತಿ ಸಲವೂ ಜೊತೆಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಒಮ್ಮೆ ಸಂಜೀವಣ್ಣ ನನ್ನನ್ನೇ ಓರೆಗಣ್ಣಿನಲ್ಲಿ ನೋಡಿ, "ನಿನಗೆ ಇದರಲ್ಲಿ ಏನು ಸಿಗ್ತದೆ? ಇಷ್ಟು ಅರ್ಜೆಂಟ್ ಮಾಡ್ತಿ" ಎಂದರು. ನನ್ನ ಪಿತ್ತ ನೆತ್ತಿಗೇರಿತು. "ತಾನು ಕಳ್ಳ, ಪರರ ನಂಬ ಅಂತ ನಿಮ್ಮ ಹಾಗಿನವರಿಗೇ ಹೇಳಿದ್ದು ಸಂಜೀವಣ್ಣ" ಎಂದುಬಿಟ್ಟೆ. ಹಿರಿಯರಿಗೆ ಆಡುವ ಮಾತಲ್ಲ. ಅವರು ಮಾತ್ರ ಖುಷಿಯಾಗಿ, "ಸರಿಯಾಗಿ ಹೇಳಿದೆ. ಕಳ್ಳತನ ಕಳ್ಳನಿಗೇ ಗೊತ್ತಾಗುವುದು" ಎಂದು ಭೂತಗನ್ನಡಿ ಒರೆಸಿದರು.

ಕೊನೆಗೆ ಒಂದು ಫೋಟೋ ಅವರಿಗೆ ಒಪ್ಪಿಗೆಯಾಯಿತು. ಅಲ್ಲಿನ ಒಬ್ಬ ಮುದುಕಿ ತನ್ನ ಮನೆಯ ಒಂದು ಕೋಣೆ ಬಾಡಿಗೆಗೆ ಕೊಡುತ್ತಿದ್ದಳು. ಫೋಟೋ ವಾರೆಯಾಗಿತ್ತು, ಮೂಲೆಯಲ್ಲಿ ಪ್ಲಾಸ್ಟಿಕ್ ಬಕೆಟ್, ಅರ್ಧಕ್ಕೆ ಅವಳ ಬೆರಳೇ ಅಡ್ಡ. ಸಂಜೀವಣ್ಣ ಎರಡು ಸಲ ತಿರುಗಿಸಿ, "ಇದು ಸುಳ್ಳು ಹೇಳಲಿಕ್ಕೆ ಬಾರದವರ ಫೋಟೋ. ಮಾಡು ಬುಕ್ಕು" ಎಂದರು. ಅವರ ಮನಸ್ಸು ತಿರುಗುವ ಮೊದಲೇ ನಾನು ಕೋಣೆ, ಟಿಕೆಟ್ ಎರಡನ್ನೂ ಮಾಡಿಸಿ ಮುಗಿಸಿದೆ. ಲಲಿತಕ್ಕ ನೀರಿಗೆ ಆಗುವ ಚಪ್ಪಲಿ ತೆಗೆದುಕೊಂಡರು.

ಹೊರಡಲು ಎರಡು ದಿನ ಇರುವಾಗ ಸಂಜೀವಣ್ಣ ಒಬ್ಬರೇ ಬಂದರು. "ಗಣೇಶ, ಕ್ಯಾನ್ಸಲ್ ಮಾಡು."

"ಯಾಕೆ?"

"ನಿನ್ನೆಯಿಂದ ಯೋಚನೆ ಮಾಡ್ತಾ ಇದ್ದೇನೆ. ಇಷ್ಟು ಕೆಟ್ಟ ಫೋಟೋ ಯಾರೂ ಸುಮ್ಮನೆ ತೆಗೆಯುವುದಿಲ್ಲ. ನನ್ನಂಥವನನ್ನು ಹಿಡಿಯಲಿಕ್ಕೆ ಬೇಕಂತ ತೆಗೆದದ್ದು."

ಕ್ಯಾನ್ಸಲ್ ಮಾಡಬೇಕಾದರೆ ಲಲಿತಕ್ಕ ಬಂದು ಹೇಳಲಿ ಎಂದೆ. ಸಂಜೆ ಲಲಿತಕ್ಕ ಬಂದರು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಇವರ ಟಿಕೆಟ್ ಕ್ಯಾನ್ಸಲ್ ಮಾಡು. ನನ್ನದು ಇರಲಿ. ತಂಗಿಗೆ ಒಂದು ಸಿಗ್ತದಾ ನೋಡು" ಎಂದರು. ಸಿಕ್ಕಿತು. ಅಕ್ಕತಂಗಿಯರು ರೈಲು ಹತ್ತಿದರು. ಸಂಜೀವಣ್ಣ ಸ್ಟೇಷನ್ನಿಗೆ ಹೋದರಂತೆ, ಮುದುಕಿಯ ಕೋಣೆಯ ಚಿಲಕವನ್ನು ಮೂರು ಸಲ ಎಳೆದು ನೋಡಬೇಕು ಎಂದು ಹೇಳಿ ಬಂದರಂತೆ.

ಅಕ್ಕತಂಗಿಯರು ತಲುಪಿದ ಮರುದಿನ ನನ್ನ ಮೊಬೈಲಿಗೆ ತಂಗಿ ಒಂದು ಫೋಟೋ ಕಳಿಸಿದಳು, ಭಾವನಿಗೆ ತೋರಿಸು ಎಂದು. ಪ್ರಿಂಟ್ ತೆಗೆದು ಸಂಜೀವಣ್ಣನನ್ನು ಕರೆಸಿದೆ. ಲಲಿತಕ್ಕ ಮೊಣಕಾಲುದ್ದ ನೀರಿನಲ್ಲಿ ಸೀರೆ ಎತ್ತಿ ಹಿಡಿದು ನಿಂತಿದ್ದರು, ಹಿಂದೆ ಕೋಟೆ, ಬಾಯಿ ಪೂರ್ತಿ ತೆರೆದು ನಗುತ್ತಿದ್ದರು. ಸಂಜೀವಣ್ಣ ತಿರುಗಿಸಿ ನೋಡಿದರು, ಕನ್ನಡಿ ಹಿಡಿದು ನೀರು ನೋಡಿದರು, ನೆರಳು ನೋಡಿದರು. ಎಲ್ಲ ಸರಿಯಿತ್ತು. ಕನ್ನಡಿ ಮುಖದ ಹತ್ತಿರ ಬಂದು ನಿಂತಿತು.

"ಇದು ಟಚಪ್ ಮಾಡಿದ್ದು."

"ಮಾಡಿಲ್ಲ ಸಂಜೀವಣ್ಣ. ಬಂದ ಹಾಗೆಯೇ ಪ್ರಿಂಟ್ ತೆಗೆದದ್ದು."

"ಇಲ್ಲ ಮಾರಾಯ. ಇವಳು ಹೀಗೆ ನಗುವುದಿಲ್ಲ."

ಅವರು ಫೋಟೋವನ್ನು ನಿಧಾನವಾಗಿ ನೆಟ್ಟಗೆ ಮಾಡಿದರು. ಅವರು ಹಾಗೆ ನೆಟ್ಟಗೆ ಹಿಡಿದು ಫೋಟೋ ನೋಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಇವತ್ತಿನ ರೈಲಿಗೆ ಟಿಕೆಟ್ ಉಂಟೋ ಎಂದು ಕೇಳಿದರು. ವೇಟಿಂಗ್ ಲಿಸ್ಟ್ ಮಾತ್ರ ಇದೆ ಎಂದೆ.

"ಅದನ್ನು ನಂಬಬಹುದಾ?"

"ನಂಬಲಿಕ್ಕೆ ಆಗುವುದಿಲ್ಲ."

"ಆದರೂ ಮಾಡು" ಎಂದರು.

ಅದೇ ನಾನು ಅವರನ್ನು ಕೊನೆಯದಾಗಿ ನೋಡಿದ್ದು. ಟಿಕೆಟ್ ಖಾತ್ರಿಯಾಗದೆ ಜನರಲ್ ಬೋಗಿಯಲ್ಲಿ ನಿಂತೇ ಹೋದರಂತೆ. ಮೂವರೂ ಅಲ್ಲಿ ಇನ್ನೊಂದು ವಾರ ಉಳಿದು ಬಂದರು. ನಾನು ಆಗ ಅಕ್ಕನ ಮನೆಯ ಕಾರ್ಯಕ್ಕೆಂದು ಮೂಡುಬಿದಿರೆಯಲ್ಲಿದ್ದೆ. ತಿರುಗಿ ಬರುವಷ್ಟರಲ್ಲಿ ಸಂಜೀವಣ್ಣ ನಿದ್ದೆಯಲ್ಲೇ ತೀರಿಹೋಗಿದ್ದರು.

ಮಾತಾಡಿಸಲು ಮನೆಗೆ ಹೋದಾಗ, ದಿಯುವಿನಲ್ಲಿ ಇಬ್ಬರೂ ಒಟ್ಟಿಗಿರುವ ಫೋಟೋ ಇದ್ದರೆ ದೊಡ್ಡದು ಮಾಡಿಸಿ ಕೊಡುತ್ತೇನೆ ಎಂದೆ. ಲಲಿತಕ್ಕ ತಲೆಯಾಡಿಸಿದರು.

"ಒಂದೂ ಇಲ್ಲ ಗಣೇಶ. ತಂಗಿ ಎಷ್ಟು ಸಲ ಕರೆದಳು. ಇವರು 'ತೆಗೆಯಬೇಡಿ, ಊರಿಗೆ ಹೋದ ಮೇಲೆ ನೋಡಿದರೆ ನನಗೇ ಸಂಶಯ ಬರ್ತದೆ' ಅಂತ ಹೇಳಿ, ನನ್ನ ಬದಿಯಲ್ಲಿ ನೀರಿನಲ್ಲಿ ನಿಂತುಕೊಂಡರು."