ಸುಧಾಕರ ಶೆಟ್ಟರು ನೋಡದ ಮ್ಯೂಸಿಯಂ

ಊರಿಗೆ ಹೊಸದಾಗಿ ಬಂದವರು ಏನೇನು ನೋಡಬೇಕೆಂದು ಸುಧಾಕರ ಶೆಟ್ಟರನ್ನೇ ಕೇಳುತ್ತಾರೆ. ಛತ್ರಪತಿ ಸಂಭಾಜಿನಗರದ ರೈಲ್ವೆ ಸ್ಟೇಷನ್ನಿನಿಂದ ಎರಡು ತಿರುವು ದಾಟಿದರೆ ಅವರ ಸಸ್ಯಾಹಾರಿ ಹೋಟೆಲು. ರೈಲಿಳಿದು ಬಂದು ಇಡ್ಲಿ ತಿಂದವರು ಕೈ ಒರೆಸಿಕೊಳ್ಳುತ್ತ ಗಲ್ಲಾದ ಹತ್ತಿರ ನಿಲ್ಲುತ್ತಾರೆ. ಶೆಟ್ಟರು ತಡವರಿಸದೆ ಹೇಳುತ್ತಾರೆ: ಸೋಮವಾರ ಅಜಂತಾ ಬಂದ್, ಮಂಗಳವಾರ ವೇರುಳ ಬಂದ್. ವೇರುಳದಲ್ಲಿ ಮೊದಲು ಕೈಲಾಸ ನೋಡಿ, ಆಮೇಲೆ ಉಳಿದ ಗುಹೆ. ದೌಲತಾಬಾದ್ ಕೋಟೆ ಹತ್ತುವುದಾದರೆ ನೀರು ಇಟ್ಟುಕೊಳ್ಳಿ, ಮಂಗಗಳಿವೆ, ಚೀಲ ಹುಷಾರು. ಪನ್‌ಚಕ್ಕಿಗೆ ಅರ್ಧ ಗಂಟೆ ಸಾಕು, ಹಳೆಯ ಕಾಲದ ನೀರಿನ ಗಿರಣಿ ಅದು.

ಹಿಂದಿನ ಗಲ್ಲಿಯ ಖೈರನಾರ್ ಮ್ಯೂಸಿಯಂ ಬಗ್ಗೆ ಯಾರಾದರೂ ಕೇಳಿದರೆ ಮಾತ್ರ ಅವರು ಕೈಬೀಸಿಬಿಡುತ್ತಿದ್ದರು. "ಅಲ್ಲಿ ಎಂತ ಇಲ್ಲ. ಎಲ್ಲ ಒಬ್ಬನೇ ಮನುಷ್ಯ ಬಿಡಿಸಿದ ಚಿತ್ರ. ಸುಮ್ಮನೆ ಸಮಯ ಹಾಳು."

ಕೇಳಿದವರ ಭಾಷೆ ಯಾವುದೋ ಅದರಲ್ಲಿ, ಕನ್ನಡದಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ, ಹತ್ತೊಂಬತ್ತು ವರ್ಷ ಇದನ್ನೇ ಹೇಳಿದ್ದರು. ಆ ಮ್ಯೂಸಿಯಂನ ಒಳಗೆ ಮಾತ್ರ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಶೆಟ್ಟರಿಗೆ ಆ ಮ್ಯೂಸಿಯಂ ಮೇಲೆ ಹಗೆಯೇನೂ ಇರಲಿಲ್ಲ. ಕಾರ್ಕಳದ ಹತ್ತಿರದ ಬೆಳ್ಮಣ್ಣಿನವರು ಅವರು. ಹದಿನೈದನೆಯ ವಯಸ್ಸಿಗೆ ಮನ್ಮಾಡ್ ಜಂಕ್ಷನ್ನಿನ ಎದುರು ಸಂಬಂಧಿಕರೊಬ್ಬರು ನಡೆಸುತ್ತಿದ್ದ ಕ್ಯಾಂಟೀನಿಗೆ ಬಂದರು. ಎರಡು ವರ್ಷ ಹಿಟ್ಟು ರುಬ್ಬಿ, ಆಮೇಲೆ ದೋಸೆಕಲ್ಲಿನ ಮುಂದೆ ನಿಂತರು. ಅಲ್ಲಿಂದ ನಾಸಿಕ್‌ನ ಪಂಚವಟಿಗೆ ಹೋಗಿ, ಯಾತ್ರಿಕರು ತುಂಬಿರುತ್ತಿದ್ದ ಹೋಟೆಲೊಂದರಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿದರು. ಕೊನೆಗೆ ಈ ಊರಿನಲ್ಲಿ ಸ್ವಂತದ್ದು ಹಾಕಿದರು. ಮನ್ಮಾಡಿನಲ್ಲಿ ಎರಡು ರೈಲಿನ ನಡುವಿನಷ್ಟೇ ಹೊತ್ತು ಪುರಸೊತ್ತು, ನಾಸಿಕ್‌ನಲ್ಲಿ ಅದೂ ಇಲ್ಲ. ನೋಡುವುದು, ಸುತ್ತುವುದು ರಜೆ ಇದ್ದವರ ಕೆಲಸವೆಂದು ಅವರಿಗೆ ಅನ್ನಿಸಿಹೋಗಿತ್ತು. ವೇರುಳವನ್ನು ಅವರು ನೋಡಿದ್ದೂ ಎರಡೇ ಸಲ, ಊರಿನಿಂದ ನೆಂಟರು ಬಂದಾಗ. ಆದರೆ ಗಿರಾಕಿ ಕೇಳಿದ್ದಕ್ಕೆ ಗೊತ್ತಿಲ್ಲ ಅನ್ನುವುದು ಅವರ ಸ್ವಭಾವಕ್ಕೆ ಒಗ್ಗದು.

ಹೋದ ವರ್ಷ ನವೆಂಬರಿನಲ್ಲಿ ನೀರಜಾ ಎಂಬವರು ತಿಂಡಿಗೆ ಬಂದರು. ಗದಗ ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ, ವರ್ಗವಾಗಿ ನಾಸಿಕ್‌ಗೆ ಬಂದು ಎರಡು ವರ್ಷವಾಗಿತ್ತು. ಕಚೇರಿ ಕೆಲಸದ ಮೇಲೆ ಇಲ್ಲಿಗೆ ಬಂದಿದ್ದರು. ಕೆಲಸ ಬೇಗ ಮುಗಿದು, ವಾಪಸ್ ರೈಲಿಗೆ ಇನ್ನೂ ಮೂರು ತಾಸು ಉಳಿದಿತ್ತು. ಗಲ್ಲಾದ ಹಿಂದಿನ ಕನ್ನಡ ಕ್ಯಾಲೆಂಡರ್ ನೋಡಿ ಅವರ ಮುಖ ಅರಳಿತು.

"ಶೆಟ್ರ, ಒಂದು ಮಾತು ಕೇಳ್ಲೇನ್ರಿ? ಈ ಖೈರನಾರ್ ಮ್ಯೂಸಿಯಂ ಇಲ್ಲೇ ಹತ್ರ ಐತಂತ. ಫೋನಿನ್ಯಾಗ ನೋಡಿದ್ರ ಒಬ್ರು ಛಲೋ ಐತಿ ಅಂತಾರ, ಇನ್ನೊಬ್ರು ಹೋಗಬ್ಯಾಡ್ರಿ ಅಂತಾರ. ಹೋಗೂ ಹಂಗ ಐತೇನ್ರಿ?"

"ಬೇಡ ಮೇಡಂ. ಪನ್‌ಚಕ್ಕಿಗೆ ಹೋಗಿ. ಅಲ್ಲಿ ಎಂತ ಉಂಟು, ಒಬ್ಬನೇ ಮನುಷ್ಯ ಬಿಡಿಸಿದ್ದು."

"ನೀವು ನೋಡೀರೇನ್ರಿ?"

ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಶೆಟ್ಟರ ಬಾಯಿಂದ ಸುಳ್ಳು ತಾನಾಗಿ ಹೊರಬಿತ್ತು. "ಹೌದೌದು, ಒಮ್ಮೆ ನೋಡಿದ್ದೇನೆ. ದೇವರು, ಬೆಟ್ಟ, ಹೊಳೆ, ಅಂಥದ್ದೇ."

ನೀರಜಾ ಆಯ್ತು ಅಂದು ಹೋದರು. ಒಂದೂವರೆ ತಾಸಿನ ಮೇಲೆ ಊಟಕ್ಕೆ ಮತ್ತೆ ಬಂದರು. ಗಲ್ಲಾದ ಎದುರು ನಿಂತು ನಗುತ್ತಲೇ ಹೇಳಿದರು. "ಶೆಟ್ರ, ನಿಮ್ಮ ಮಾತು ಕೇಳ್ಲಿಲ್ರಿ, ಹೋಗಿ ಬಂದೆ. ದೇವರೂ ಇಲ್ಲ, ಬೆಟ್ಟನೂ ಇಲ್ಲ. ಬರೀ ಕೈ ಅದಾವ. ಒಬ್ಬ ಹೆಣ್ಮಗಳ ಕೈ, ಅಡಿಗಿ ಮಾಡೂದು."

ಶೆಟ್ಟರು ಗಲ್ಲಾದ ಮೇಲಿನ ಸೋಂಪಿನ ಬಟ್ಟಲನ್ನು ಸರಿಸಿದರು.

"ಅಲ್ಲಿ ಅವರ ಮಗಳು ಇರ್ತಾರ, ರೂಪಾ ಅಂತ. ಯಾರು ಕಳಿಸಿದ್ರು ಅಂತ ಕೇಳಿದ್ರು. ಹೋಟೆಲ್ಲಿನವರು ಹೋಗಬ್ಯಾಡ್ರಿ ಅಂದ್ರು, ಆದ್ರೂ ಬಂದೆ ಅಂದೆ. ನಕ್ಕರು. ಅವರು ಎಲ್ಲಾರಿಗೂ ಹಂಗ ಹೇಳ್ತಾರ, ನಾನು ದಿನಾ ಅವರ ಕಡೆನೇ ಇಡ್ಲಿ ತಗೊಂಡು ಹೋಗ್ತೀನಿ ಅಂದ್ರು." ಶೆಟ್ಟರ ಮುಖ ನೋಡಿ ನೀರಜಾರ ದನಿ ಮೆತ್ತಗಾಯಿತು. "ಮನಸ್ಸಿಗೆ ಹಚ್ಕೋಬ್ಯಾಡ್ರಿ. ನನಗೂ ಅಷ್ಟೇನೂ ತಿಳೀಲಿಲ್ಲ. ಆದ್ರ ನೀವು ಅಡಿಗಿ ಮಾಡೂ ಮಂದಿ, ಒಮ್ಮೆ ನೋಡ್ರಿ."

ಮರುದಿನ ಬೆಳಿಗ್ಗೆ ಏಳೂವರೆಗೆ ಸ್ಟೀಲ್ ಡಬ್ಬಿ ಹಿಡಿದು ಬಂದ ಹೆಂಗಸನ್ನು ಶೆಟ್ಟರು ಮೊದಲ ಬಾರಿಗೆ ಸರಿಯಾಗಿ ನೋಡಿದರು. ಸುಮಾರು ಐವತ್ತೈದರ ವಯಸ್ಸು, ಹತ್ತಿಯ ಸೀರೆ, ದಪ್ಪ ಕನ್ನಡಕ. ವರ್ಷಗಳಿಂದ ಬರುತ್ತಿದ್ದವರು. ನಾಲ್ಕು ಇಡ್ಲಿ, ಚಟ್ನಿ ಹೆಚ್ಚು, ಸಾಂಬಾರ್ ಬೇಡ. ಅಷ್ಟು ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ.

"ರೂಪಾತಾಯಿ," ಎಂದು ಮರಾಠಿಯಲ್ಲಿ, ಅಕ್ಕ ಅನ್ನುವ ಹಾಗೆ, ಕರೆದರು. "ನಾನು ಇಷ್ಟು ವರ್ಷ ತಪ್ಪು ಮಾತಾಡಿದೆ. ನೀವು ಒಂದು ದಿನವಾದರೂ ಬೈಯಬಹುದಿತ್ತು."

"ನಿಮ್ಮ ಚಟ್ನಿ ಚೆನ್ನಾಗಿರುತ್ತದೆ," ಎಂದು ಅವರು ಡಬ್ಬಿ ಮುಚ್ಚಿದರು. "ಮಧ್ಯಾಹ್ನ ಬನ್ನಿ. ಯಾರೂ ಇರುವುದಿಲ್ಲ."

ಹೋಟೆಲಿನಲ್ಲಿ ಮೂರರಿಂದ ಐದರವರೆಗೆ ಗಿರಾಕಿ ಕಡಿಮೆ. ಶೆಟ್ಟರು ಹೆಂಡತಿ ವಾರಿಜಾಕ್ಷಿಯನ್ನೂ ಹೊರಡಿಸಿದರು. ಒಬ್ಬರೇ ಹೋಗಲು ಅವರಿಗೆ ಮುಖವಿರಲಿಲ್ಲ.

ಮ್ಯೂಸಿಯಂ ಎಂದರೆ ಒಂದು ಮನೆಯ ಕೆಳಗಿನ ನಾಲ್ಕು ಕೋಣೆ. ದಿಗಂಬರ ಖೈರನಾರ್ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ಅವರು ತೀರಿಕೊಂಡ ಮೇಲೆ ಮಗಳು ಮೇಲಿನ ಮಹಡಿಯಲ್ಲಿ ತಾನಿದ್ದು, ಕೆಳಗೆ ಅಪ್ಪನ ಚಿತ್ರಗಳನ್ನು ತೂಗುಹಾಕಿದ್ದರು. ತೊಂಬತ್ತಕ್ಕೂ ಮಿಕ್ಕಿ ಚಿತ್ರ. ದೊಡ್ಡವು ಮೇಲೆ, ಸಣ್ಣವು ಕೆಳಗೆ.

"ಎಲ್ಲ ಕೈಯೇ ಅಲ್ಲ?" ಎಂದು ವಾರಿಜಾಕ್ಷಿ ಪಿಸುಗುಟ್ಟಿದರು. "ಒಂದರಲ್ಲಾದರೂ ಮುಖ ಬೇಡವಾ?"

ಮೊದಲ ಕೋಣೆಯಲ್ಲಿ ಶೆಟ್ಟರಿಗೂ ಬೇಸರವೇ ಬಂತು. ಅಕ್ಕಿ ಆರಿಸುವ ಕೈ, ಬೆಳ್ಳುಳ್ಳಿ ಸುಲಿಯುವ ಕೈ. ತಾನು ಹೇಳುತ್ತಿದ್ದುದರಲ್ಲಿ ತಪ್ಪೇನೂ ಇಲ್ಲವೆಂದೂ ಒಂದು ಕ್ಷಣ ಅನ್ನಿಸಿತು. ಎರಡನೆಯ ಕೋಣೆಯಲ್ಲಿ, ಭಾಕರಿ ತಟ್ಟುವ ಚಿತ್ರದ ಮುಂದೆ ಅವರು ನಿಂತರು. ಜೋಳದ ರೊಟ್ಟಿ ತಟ್ಟುವ ಅಗಲ ತಟ್ಟೆಯನ್ನು ಗೋಡೆಗೆ ಒತ್ತಿ ಇಟ್ಟಿತ್ತು. ಯಾಕೆ? ಎರಡು ಕೈ ಇರುವವರು ತಟ್ಟೆಯನ್ನು ಗೋಡೆಗೆ ಒತ್ತುವುದಿಲ್ಲ, ಕೈಗೆ ತಾಗುತ್ತದೆ. ಪಕ್ಕದ ಚಿತ್ರದಲ್ಲಿ ಈಳಿಗೆಮಣೆಯ ಮೇಲೆ ಬದನೆಕಾಯಿ. ಹೆಚ್ಚುತ್ತಿದ್ದುದು ಎಡಗೈ ಒಂದೇ. ಬಲಗೈ ಮಡಿಲಲ್ಲಿ, ಸುಮ್ಮನೆ ವಿಶ್ರಾಂತಿ ಪಡೆಯುತ್ತಿರುವಂತೆ. ಶೆಟ್ಟರು ಕನ್ನಡಕ ಹಾಕಿಕೊಂಡು ಹತ್ತಿರ ಬಾಗಿದರು. ಬಲಗೈಯ ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿತ್ತು.

"ರೂಪಾತಾಯಿ," ಎಂದರು, "ಇವರ ಬಲಗೈಗೆ ಏನಾಗಿತ್ತು?"

ಬಾಗಿಲ ಬಳಿ ಕೂತಿದ್ದ ರೂಪಾ ಎದ್ದು ಬಂದರು. "ನಿಮಗೆ ಹೇಗೆ ಗೊತ್ತಾಯಿತು? ಯಾರೂ ಕೇಳುವುದಿಲ್ಲ ಅದನ್ನು. ನಾನಾಗಿ ಹೇಳುವುದೂ ಇಲ್ಲ."

ಆ ಕೈ ಅವರ ತಾಯಿಯದು. ರೂಪಾ ಹನ್ನೊಂದು ವರ್ಷದವರಿದ್ದಾಗ ತಾಯಿಗೆ ಲಕ್ವಾ ಹೊಡೆದಿತ್ತು. ಬಲಗೈ ಹೋಯಿತು. ಆಮೇಲೆ ಹದಿನೇಳು ವರ್ಷ ತಾಯಿ ಬದುಕಿದ್ದರು. ಅಡುಗೆಗೆ ಬೇರೆಯವರನ್ನು ಇಡಲು ಒಪ್ಪಲಿಲ್ಲ, ಎಡಗೈಯಲ್ಲೇ ಎಲ್ಲವನ್ನೂ ಕಲಿತರು. ಅಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅದನ್ನೇ ಬಿಡಿಸುತ್ತಿದ್ದರು.

"ನನಗೆ ಅಪ್ಪನ ಮೇಲೆ ಬಹಳ ಸಿಟ್ಟಿತ್ತು," ಎಂದರು ರೂಪಾ. "ಅವಳು ಅಷ್ಟು ಕಷ್ಟಪಡುತ್ತಿದ್ದರೆ ಇವರು ಕೂತು ಚಿತ್ರ ಬರೆಯುತ್ತಾರಲ್ಲ ಅಂತ. ಈ ಮ್ಯೂಸಿಯಂ ಮಾಡಿದ್ದು ಅಮ್ಮನಿಗೋಸ್ಕರ. ಬೋರ್ಡಿನ ಮೇಲೆ ಹೆಸರು ಅಪ್ಪನದ್ದು, ಅಷ್ಟೇ."

ಶೆಟ್ಟರು ಮತ್ತೆ ಭಾಕರಿಯ ಚಿತ್ರದ ಕಡೆ ತಿರುಗಿದರು. ತಟ್ಟೆಯ ಪಕ್ಕದಲ್ಲಿ ಕಲಸಿಟ್ಟ ಜೋಳದ ಹಿಟ್ಟಿನ ಮುದ್ದೆ. ಅದನ್ನೇ ತುಂಬ ಹೊತ್ತು ನೋಡಿದರು. ಮುಂದಿನ ಚಿತ್ರ, ಅದರ ಮುಂದಿನದು. ಮೂರನೆಯ ಕೋಣೆಗೆ ಹೋಗಿ ತಿರುಗಿ ಬಂದರು. ವಾರಿಜಾಕ್ಷಿ, "ಎಂತ ಆಯ್ತು ನಿಮಗೆ?" ಎಂದರು.

"ನೀನು ನೋಡು," ಎಂದರು ಶೆಟ್ಟರು. "ಈ ಹಿಟ್ಟು ಯಾರು ನಾದಿದ್ದು?"

ವಾರಿಜಾಕ್ಷಿ ಬಾಗಿ ನೋಡಿದರು. ಎಷ್ಟೋ ವರ್ಷ ಹೋಟೆಲಿನ ಅಡುಗೆಮನೆ ನೋಡಿದವರು. "ಎರಡು ಅಂಗೈಯ ಗುರುತು ಉಂಟಲ್ಲ," ಎಂದರು ನಿಧಾನವಾಗಿ. "ದೊಡ್ಡ ಅಂಗೈ. ಇದು ಹೆಂಗಸಿನದ್ದಲ್ಲ ಮಾರಾಯ್ರೆ."

ಶೆಟ್ಟರು ಅದನ್ನು ರೂಪಾಗೆ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಜೋಳದ ಹಿಟ್ಟನ್ನು ಒಂದು ಕೈಯಲ್ಲಿ ತಟ್ಟಬಹುದು, ಕಷ್ಟಪಟ್ಟರೆ. ಬಿರುಕಿಲ್ಲದೆ ಇಷ್ಟು ನುಣ್ಣಗೆ ನಾದಲು ಆಗುವುದಿಲ್ಲ, ಮೈಭಾರ ಬೀಳಬೇಕು. ಎಡಗೈ ಒಂದೇ ದುಡಿಯುವ, ಲಕ್ವಾ ಹೊಡೆದ ಮೇಲಿನ ಚಿತ್ರಗಳಲ್ಲೆಲ್ಲ ಹಿಟ್ಟಿನ ಮೇಲೆ ಅದೇ ಎರಡು ಅಂಗೈ. ಎರಡೂ ಕೈ ಆಡುವ ಮೊದಲಿನವುಗಳಲ್ಲಿ ಇಲ್ಲ.

"ಬೆಳಿಗ್ಗೆ ನೀವು ಎಷ್ಟು ಗಂಟೆಗೆ ಶಾಲೆಗೆ ಹೋಗುತ್ತಿದ್ದಿರಿ?"

"ಏಳಕ್ಕೆ," ಎಂದರು ರೂಪಾ. "ಅಪ್ಪನ ಶಾಲೆ ಹನ್ನೊಂದಕ್ಕೆ."

ಅಷ್ಟು ಹೇಳಿ ಅವರು ಚಿತ್ರದ ಹತ್ತಿರ ಹೋಗಿ ನಿಂತರು. ತಂದೆಯ ಅಂಗೈ ನೆನಪು ಮಾಡಿಕೊಳ್ಳುವವರಂತೆ ತಮ್ಮ ಕೈಯನ್ನು ಹಿಟ್ಟಿನ ಗುರುತಿನ ಎದುರು ಹಿಡಿದರು, ಮುಟ್ಟಲಿಲ್ಲ. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ವಾರಿಜಾಕ್ಷಿ ಹೋಗಿ ಅವರ ಭುಜದ ಮೇಲೆ ಕೈಯಿಟ್ಟರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಪೂರ್ತಿ ಬರುವುದಿಲ್ಲ.

"ಅಪ್ಪ ಒಂದು ದಿನವೂ ಹೇಳಲಿಲ್ಲ ನೋಡಿ," ಎಂದರು ರೂಪಾ ಕೊನೆಗೆ. "ಬರೆದಿಟ್ಟುಹೋದರು."

ಮಾಸ್ತರರು ಯಾವ ಚಿತ್ರಕ್ಕೂ ತಾರೀಕು ಹಾಕಿರಲಿಲ್ಲ. ಆ ಡಿಸೆಂಬರಿನಲ್ಲಿ ಐದಾರು ಮಧ್ಯಾಹ್ನ ಶೆಟ್ಟರು ಹೋಟೆಲಿನ ಏಣಿ ತಂದು ಎಲ್ಲವನ್ನೂ ಇಳಿಸಿದರು. ನೆಲದ ಮೇಲೆ ಹರಡಿಕೊಂಡು ಮೂವರೂ ಕೈ ನೋಡಿ ಕಾಲ ಹೇಳಿದರು. ಎಡಗೈ ಇನ್ನೂ ಒಡ್ಡೊಡ್ಡಾಗಿ ಚಾಕು ಹಿಡಿದದ್ದು ಮೊದಲು, ಪಳಗಿದ್ದು ಆಮೇಲೆ. ವಾರಿಜಾಕ್ಷಿ ಮತ್ತು ಶೆಟ್ಟರು ಕೆಲವು ಚಿತ್ರಗಳ ಬಗ್ಗೆ ಜಗಳವಾಡಿದರು, ರೂಪಾ ತೀರ್ಪು ಕೊಟ್ಟರು. ಈಗ ಗೋಡೆಯ ಮೇಲೆ ಚಿತ್ರಗಳು ಆ ಕ್ರಮದಲ್ಲೇ ಇವೆ.

ಜನರೇನೂ ಮುಗಿಬಿದ್ದು ಬರುತ್ತಿಲ್ಲ. ವಾರಕ್ಕೆ ಹತ್ತು ಜನ, ಕೆಲವು ವಾರ ಇಬ್ಬರೇ. ಶೆಟ್ಟರು ಎಲ್ಲರನ್ನೂ ಅಲ್ಲಿಗೆ ಅಟ್ಟುವುದೂ ಇಲ್ಲ. ಒಂದೇ ದಿನವಿದ್ದು, ಮೊದಲ ಸಲ ಬಂದವರಿಗೆ ವೇರುಳವನ್ನೇ ಹೇಳುತ್ತಾರೆ. ಸ್ವಲ್ಪ ಹೊತ್ತಿದ್ದು, ಸುಮ್ಮನೆ ಕೂರಬಲ್ಲವರೆಂದು ಅನ್ನಿಸಿದರೆ ಗಲ್ಲಿಯ ದಾರಿ ತೋರಿಸುತ್ತಾರೆ. ಹೋಗಿ ಬಂದ ಒಬ್ಬರು ಮೊನ್ನೆ, "ಅಂಥದ್ದೇನೂ ಇಲ್ಲವಲ್ಲ ಅಲ್ಲಿ" ಎಂದರು.

"ಇರಬಹುದು," ಎಂದರು ಶೆಟ್ಟರು. "ನೀವು ಹಿಟ್ಟು ನೋಡಿದ್ರಾ?"

ಅವರು ನೋಡಿರಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು. ಚೀಲವನ್ನು ಗಲ್ಲಾದ ಪಕ್ಕದಲ್ಲಿ ಇಟ್ಟು, ಇಲ್ಲೇ ಇರಲಿ ಎಂದು ಹೇಳಿ, ಗಲ್ಲಿಯ ಕಡೆ ಮತ್ತೆ ಹೊರಟರು.